ಜೊತೆ ಚುಕ್ಕೆ

ತಂಗಮಣಿ ಗೋಣಿಚೀಲ ಹಾಸಿಕೊಂಡು ಬಿತ್ತನೆ ಆಲೂಗಡ್ಡೆ ಆರಿಸುತ್ತಿದ್ದಳು. ಕಣ್ಣು ಒಡೆದದ್ದು ಬಲಕ್ಕೆ, ಒಡೆಯದ್ದು ಎಡಕ್ಕೆ, ಕೊಳೆತದ್ದು ಅಂಗಳಕ್ಕೆ. ಟೀ ಬುಟ್ಟಿ ಬೆನ್ನಿಗೆ ಹಾಕಿಕೊಂಡು ಏರಿ ಹತ್ತುತ್ತಿದ್ದ ಕಾಲದಲ್ಲಿ ಅವಳು ಈ ಕೆಲಸ ನೋಡಿ ನಗುತ್ತಿದ್ದಳು. ಕೂತು ಮಾಡುವುದೂ ಒಂದು ಕೆಲಸವೇ, ಹಟ್ಟಿಯ ಮುದುಕಿಯರು ಹೊತ್ತು ಕಳೆಯಲು ಮಾಡುವುದು ಎಂದು. ಈಗ ಇಪ್ಪತ್ತು ಗೆಡ್ಡೆ ಆರಿಸಿದರೆ ಒಂದು ಸಲ ಗೋಡೆಗೆ ಒರಗಬೇಕು. ಎಮರಾಲ್ಡ್ ಅಣೆಕಟ್ಟಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಊರಿಗೆಲ್ಲ ಆಗಿ ಮಿಗುವಷ್ಟು ಗಾಳಿ. ಅವಳ ಎದೆಗೆ ಮಾತ್ರ ಅದು ಚಮಚದಲ್ಲಿ ಅಳೆದು ಕೊಟ್ಟ ಹಾಗೆ ಬರುತ್ತಿತ್ತು.

ಮೊಬೈಲು ಕೂಗಿತು. ಮಂಗಳವಾರ ಹತ್ತು ಗಂಟೆಗೆ ಕೂಗಿಸುವವನು ಒಬ್ಬನೇ. ಬೆಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯ ಸುಧಾಕರನ್. ಕ್ಯಾನ್ಸರಿಗೆ ಹೊಸ ಬಗೆಯ ಕಿರಣ ಕೊಟ್ಟು ನೋಡುವ ಪರೀಕ್ಷೆಯೊಂದು ಅಲ್ಲಿ ನಡೆಯುತ್ತಿತ್ತು. ಅದರ ಕಾಗದಪತ್ರ ಇವನ ಕೈಯಲ್ಲಿತ್ತು. ತಂಗಮಣಿಯನ್ನು ಅವನು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದ.

"ಪಾಟಿ, ಲೆಟರ್ ಏನಾಯ್ತು?"

"ಬರೀತಾ ಇದ್ದೀನಿ ತಂಬಿ. ಎರಡನೇ ಸಾಲಿಗೆ ಬಂದೆ."

"ಹೋದ ವಾರವೂ ಎರಡನೇ ಸಾಲೇ ಅಂದ್ರಿ."

"ಹೋದ ವಾರ ಸಾಲಿನ ಮೊದಲಲ್ಲಿದ್ದೆ. ಈಗ ನಡುವಿಗೆ ಬಂದಿದ್ದೀನಿ."

"ತಮಾಷೆ ಬೇಡ ಪಾಟಿ. ನಾಲ್ಕೇ ಸಾಲು. 'ಎದೆ ಮೇಲಿನ ಗುರುತು ಕೆಡಿಸಿದ್ದು ನಾನೇ. ಅದರಿಂದ ಆದ ತೊಂದರೆಗೆ ನಾನೇ ಹೊಣೆ.' ಅಷ್ಟು ಬರೆದು ಕಳಿಸಿ. ಅದು ಬರೋ ತನಕ ನಿಮ್ಮ ಫೈಲು ನಡೆಯಲ್ಲ. ಫೈಲು ನಡೆಯದೆ ಸ್ಕ್ಯಾನೂ ಇಲ್ಲ, ಉಸಿರಿನ ಮಾತ್ರೆಯೂ ಇಲ್ಲ. ನಾನೇ ಬರೆದು ಕಳಿಸ್ತೀನಿ, ಬೆರಳು ಒತ್ತಿ ಅಂದ್ರೆ ಅದಕ್ಕೂ ಒಪ್ಪಲ್ಲ."

"ಬೆರಳು ಒತ್ತೋಕೆ ನಾನೇನು ಓದು ಬಾರದವಳಾ?"

ಆ ಒಂದು ಜಂಬದಿಂದಲೇ ಕಾಗದ ಆರು ತಿಂಗಳು ತಡವಾಗಿತ್ತು.

ತಂಗಮಣಿ ಓದು ಕಲಿತದ್ದು ಐವತ್ತೈದನೇ ವಯಸ್ಸಿನಲ್ಲಿ. ಹಟ್ಟಿಯ ಸಮುದಾಯ ಮನೆಯಲ್ಲಿ ಸರಣ್ಯಾ ಎಂಬ ಹುಡುಗಿ ಎರಡು ವರ್ಷ ರಾತ್ರಿ ಶಾಲೆ ನಡೆಸಿದ್ದಳು. ಹನ್ನೆರಡು ಹೆಂಗಸರು ಸೇರಿದ್ದರು. ಮೂವರು ಉಳಿದರು. ಅವರಲ್ಲಿ ಪುಸ್ತಕದ ಕೊನೆಯ ಪುಟ ಮುಟ್ಟಿದವಳು ಇವಳೊಬ್ಬಳೇ. ಕಲಿತದ್ದು ತಮಿಳು ಅಕ್ಷರ. ಮನೆಯಲ್ಲಿ ಆಡುವ ಬಡಗ ಮಾತಿಗೆ ಅಕ್ಷರ ಬೇರೆ ಬೇಕೇ, ಬಾಯಿ ಸಾಲದೇ ಎಂದು ಗಂಡ ಮಾದನ್ ನಗುತ್ತಿದ್ದ. ಅಂದಿನಿಂದ ಎಲ್ಲಿ ಬೆರಳೊತ್ತಲು ಹೇಳಿದರೂ ಅವಳು ಪೆನ್ನು ಕೇಳುತ್ತಿದ್ದಳು. ರೇಷನ್ ಅಂಗಡಿಯ ಸಾಲು ಅವಳ ರುಜುವಿಗಾಗಿ ಕಾಯುತ್ತಿತ್ತು. ಹೆಸರಿನ ಐದಾರು ಅಕ್ಷರಕ್ಕೆ ನಾಲ್ಕು ನಿಮಿಷ. ಬರೆದು ಮುಗಿಸಿ, ತಲೆ ಹಿಂದಕ್ಕೆ ಎಳೆದುಕೊಂಡು, ಹೊಸ ಕರುವನ್ನು ನೋಡುವ ಹಾಗೆ ಒಮ್ಮೆ ನೋಡುತ್ತಿದ್ದಳು.

ರೋಗ ಬಂದದ್ದು ಹೋದ ವರ್ಷದ ಮಳೆಗಾಲದ ಕೊನೆಗೆ. ಬಲ ಶ್ವಾಸಕೋಶದಲ್ಲಿ ಗಂಟು. ವಿದ್ಯುತ್ ಮಂಡಳಿಯ ಕೆಲಸದಲ್ಲಿದ್ದಾಗ ಮಾದನ್ ನಲವತ್ತು ವರ್ಷ ಬೀಡಿ ಸೇದಿದವನು. ಅವನ ಎದೆಯ ಚಿತ್ರ ತೆಗೆದರೆ ಮಾವಿನೆಲೆಯಷ್ಟು ಚೊಕ್ಕವಾಗಿತ್ತು.

"ಬೀಡಿ ಅವನದು, ಗಂಟು ಎನ್ನದು. ನಂಗ ಮನೆಲಿ ಕೆಲಸ ಹಂಚೋದೂ ಹೀಗೇ," ಎಂದು ತಂಗಮಣಿ ನೋಡಲು ಬಂದವರಿಗೆಲ್ಲ ಹೇಳಿದಳು. ಹಸಿ ಸೌದೆಯ ಒಲೆ ಐವತ್ತು ವರ್ಷ ಊದಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳೂ ಹಿಡಿದಿರಲಿಲ್ಲ.

ಊಟಿಯ ಆಸ್ಪತ್ರೆಯವರು ಕೆಳಗಿನ ಊರಿಗೆ ಕಳಿಸಿದರು. ಅಲ್ಲಿ ರಂಗನಾಥನ್ ಡಾಕ್ಟರು ತುಂಬ ಸಮಾಧಾನದಿಂದ ಮಾತಾಡಿದರು. ಇವಳ ಜೊತೆ ಅಷ್ಟು ಮರ್ಯಾದೆಯಿಂದ ಮಾತಾಡಿದ ದೊಡ್ಡ ಮನುಷ್ಯ ಅವರೇ ಮೊದಲಿಗರು.

"ಅಮ್ಮಾ, ಹಳೆ ವಿಧಾನದಲ್ಲಿ ಮೂವತ್ತು ದಿನ ಬರಬೇಕು. ನಮ್ಮ ಹೊಸ ವಿಧಾನದಲ್ಲಿ ಎಂಟೇ ದಿನ. ನೀವು ಉಸಿರು ಹಿಡಿದಾಗ ಮಾತ್ರ ಕಿರಣ ಬರುತ್ತೆ. ಬಿಟ್ಟರೆ ನಿಲ್ಲುತ್ತೆ. ಗಂಟಿಗೆ ಬಿಟ್ಟು ಪಕ್ಕಕ್ಕೆ ತಾಗಲ್ಲ. ಇದಿನ್ನೂ ಪರೀಕ್ಷೆಯಲ್ಲಿದೆ, ಒಪ್ಪಿದವರನ್ನು ಮಾತ್ರ ಸೇರಿಸಿಕೊಳ್ಳೋದು. ನಿಮಗೆ ಖರ್ಚಿಲ್ಲ."

ಹನ್ನೊಂದು ಪುಟದ ಕಾಗದ ಕೊಟ್ಟರು. ಸುಧಾಕರನ್ ಮಸಿಯ ಡಬ್ಬಿ ಮುಂದೆ ತಳ್ಳಿದ. ತಂಗಮಣಿ ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಕೇಳಿದಳು. ಡಾಕ್ಟರು ಬೆರಗಾಗಿ ನೋಡಿದರು. ಆ ಬೆರಗಿನ ಸುಖದಲ್ಲಿ ಅವಳು ಅಂದು ನಾಲ್ಕಲ್ಲ, ಐದು ನಿಮಿಷ ತೆಗೆದುಕೊಂಡು ರುಜು ಹಾಕಿದಳು. ಹೆಸರು ಬರೆಯಲು ಐದು ನಿಮಿಷ. ಓದಲು ಒಂದು ನಿಮಿಷವೂ ಇಲ್ಲ. ಓದಲು ಬಾರದವರಾದರೆ ಯಾರಿಂದಲಾದರೂ ಓದಿಸಿ ಕೇಳುತ್ತಿದ್ದರು. ಓದಲು ಬರುವವಳಲ್ಲವೇ, ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು ಹೆತ್ತೆ ಅಮ್ಮನ ಪಟದ ಹಿಂದೆ ಇಟ್ಟಳು. ಸೋಮವಾರ ಸೋಮವಾರ ಅದಕ್ಕೂ ಒಂದು ಹೂವು ಸಿಕ್ಕಿತು. ಪೂಜೆ ಮಾಡಿದ ಕಾಗದವನ್ನು ಯಾರು ಓದುತ್ತಾರೆ?

ಚಿಕಿತ್ಸೆಗೆ ಮುಂಚೆ ಒಂದು ದಿನ ಅಳತೆಗೆ ಮಲಗಿಸಿ, ಎದೆಯ ನಡುವೆ ಒಂದು, ಎರಡು ಪಕ್ಕೆಗೆ ಒಂದೊಂದು, ಹೀಗೆ ಮೂರು ಚುಕ್ಕೆ ಮಸಿಯಲ್ಲಿ ಇಟ್ಟರು. ಗೋಡೆಯಿಂದ ಬರುವ ಕೆಂಪು ಗೆರೆ ದಿನವೂ ಈ ಚುಕ್ಕೆಯ ಮೇಲೆ ಕೂರಬೇಕಂತೆ.

"ಪಾಟಿ, ಹನ್ನೆರಡು ದಿನ ಬಿಟ್ಟು ಬನ್ನಿ. ಚುಕ್ಕೆ ಅಳಿಸಬಾರದು. ಅಳಿಸಿದ್ರೆ ಎಲ್ಲಾ ಮೊದಲಿಂದ," ಎಂದಳು ಯಂತ್ರದ ಕೋಣೆಯ ಸಿಂಧುಜಾ.

ತಂಗಮಣಿ ಹನ್ನೆರಡು ದಿನ ಸ್ನಾನ ಬಿಡಲು ತಯಾರಿದ್ದಳು. ಕೆಲಸ ಬಿಡಲು ತಯಾರಿರಲಿಲ್ಲ. ಎಲೆ ಬಲಿತು ಹೋಗುತ್ತಿತ್ತು. ಐದನೇ ದಿನ ಏರಿ ಇಳಿದು ಬಂದು ರವಿಕೆ ಬಿಚ್ಚಿದರೆ ನಡುವಿನ ಚುಕ್ಕೆ ಬೆವರಿಗೆ ಬೂದಿಯ ಬಣ್ಣಕ್ಕೆ ಬಂದಿತ್ತು. ಎಲ್ಲಾ ಮೊದಲಿಂದ!

ಪಕ್ಕದ ಮನೆಯ ಚಿನ್ನಿ ಅವಳ ಓರಗೆಯವಳು. ಹಟ್ಟಿಯಲ್ಲಿ ಹಚ್ಚೆ ಚುಚ್ಚಲು ಬಲ್ಲವಳು ಈಗ ಅವಳೊಬ್ಬಳೇ. ತಂಗಮಣಿಯ ಹಣೆಯ ಮೇಲಿನ ಹಚ್ಚೆ ಚಿನ್ನಿಯ ಅವ್ವೆಯ ಕೈಯದು.

"ಮೂರೇ ಚುಕ್ಕೆ ಚಿನ್ನಿ. ಅವರು ಇಟ್ಟ ಜಾಗದ ಮೇಲೇ ಚುಚ್ಚಿಬಿಡು. ಅಳಿಸೋ ಮಾತೇ ಬಾರ."

ಚಿನ್ನಿ ನಾಲ್ಕು ಸೂಜಿಯನ್ನು ದಾರದಲ್ಲಿ ಬಿಗಿದಳು. ಬಾಣಲೆಯ ತಳದ ಮಸಿ ಕೆರೆದು ತಂದಳು. ಒಳಗೆ ಹೋದ ಹೊಗೆ ಸಾಲದೆಂದು ಅದರ ಮಸಿಯನ್ನು ಮೇಲಿನಿಂದಲೂ ಚುಚ್ಚಿಸಿಕೊಂಡ ಹೆಂಗಸು ಈ ಬೆಟ್ಟದಲ್ಲಿ ತಾನೊಬ್ಬಳೇ ಇರಬೇಕು ಎಂದು ತಂಗಮಣಿ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಮೂರು ಚುಕ್ಕೆ ಆಯಿತು. ಆದರೆ ಚಿನ್ನಿಯ ಕೈ ನಿಲ್ಲಲಿಲ್ಲ. ನಡುವಿನ ಚುಕ್ಕೆಯ ಪಕ್ಕ, ಒಂದು ಬೆರಳಿನಷ್ಟು ಆಚೆ, ಮತ್ತೆ ಸೂಜಿ ಊರಿದಳು.

"ಏ, ಇದೇಕ?"

"ಒಂಟಿ ಚುಕ್ಕೆ ಬಿಡಲಾಗ. ಒಂಟಿ ಚುಕ್ಕೆಗ ಕಣ್ಣು ಬೀಳುತ್ತ. ಜೊತೆ ಇಡೋಕ ಬೇಕು ಅಂತ ಎನ್ನ ಅವ್ವೆ ಹೇಳಿಕೊಟ್ಟಿದ್ದು. ನಿನ್ನ ಆಸ್ಪತ್ರೆಯೋರಿಗ ಅವ್ವೆ ಇಲ್ಲೆಯಾ? ಯಾರೂ ಹೇಳಿಕೊಟ್ಟಿಲ್ಲೆ ಅಂತ ಕಾಣುತ್ತ. ಸುಮ್ಮನ ಬಿದ್ದಿರು."

ಸುಮ್ಮನೆ ಬಿದ್ದಿದ್ದಳು. ಸುಮ್ಮನಿರುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಕ್ಕೆಯ ಎರಡಕ್ಕೂ ಒಂದೊಂದು ಜೊತೆ ಬಂದು, ಮೂರು ಚುಕ್ಕೆ ಆರಾಯಿತು.

ಮೊದಲ ದಿನ ಸಿಂಧುಜಾ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. "ಪಾಟಿ, ಇವು ಯಾವಾಗ ಮರಿ ಹಾಕಿದವು?" ಕೋಣೆಯಲ್ಲಿದ್ದವರೆಲ್ಲ ನಕ್ಕರು. ಒಬ್ಬ ಮೊಬೈಲಿನಲ್ಲಿ ಫೋಟೋ ತೆಗೆದ. ತಂಗಮಣಿಯೂ ನಕ್ಕಳು. ಅಂದು ಯಂತ್ರದ ಎರಡು ಪಕ್ಕದಿಂದ ಎರಡು ತೋಳು ಹೊರಗೆ ಬಂದು ಅವಳನ್ನು ನಿಧಾನವಾಗಿ ಒಂದು ಸುತ್ತು ಸುತ್ತಿದವು. ಆಮೇಲೆ ಮೇಜು ಅವಳನ್ನು ಹೊತ್ತುಕೊಂಡೇ ಒಂದು ಬೆರಳಿನಷ್ಟು ಸರಿಯಿತು. "ಮೂಚ್ಚು ಪಿಡಿ" ಎಂದು ಗೋಡೆಯೊಳಗಿನ ದನಿ ಹೇಳಿತು. ಉಸಿರು ಹಿಡಿ. ಹಿಡಿದಳು. ಒಲೆಯ ಹೊಗೆಯಲ್ಲಿ ಉಸಿರು ಹಿಡಿದು ಪಳಗಿದ ಎದೆ. ಇಪ್ಪತ್ತು ಕೇಳಿದರೆ ಮೂವತ್ತು ಎಣಿಸುವಷ್ಟು ಹೊತ್ತು ಹಿಡಿದಳು. ಕ್ಲಾಸಿನಲ್ಲಿ ಮೊದಲು ಬಂದ ಹಾಗೆ ಹಿಗ್ಗಿದಳು.

ಮರುದಿನ ಸಿಂಧುಜಾ ಇರಲಿಲ್ಲ. ಬೇರೊಬ್ಬ ಹುಡುಗನಿದ್ದ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. "ಇದರಲ್ಲಿ ನಮ್ಮದು ಯಾವುದು ಪಾಟಿ?" ಎಂದು ಅವಸರದಲ್ಲಿ ಕೇಳಿದ. ಮಲಗಿದವಳಿಗೆ ತನ್ನ ಎದೆ ತನಗೆ ಕಾಣದು. ತಡವಿ, ಬೆರಳಿಟ್ಟು ತೋರಿಸಿದಳು. ಬೇಟೆಗಾರನಿಗೆ ಗುರಿ ಎಲ್ಲಿಡಬೇಕೆಂದು ಜಿಂಕೆಯೇ ತೋರಿಸಿಕೊಟ್ಟಿತು.

ಎಂಟು ದಿನ ಮುಗಿಯಿತು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಒಣ ಕೆಮ್ಮು ಶುರುವಾಯಿತು. ಬಾವಿಯಿಂದ ಕೊಡ ತಂದರೆ ಹೊಸಿಲಲ್ಲಿ ಕೂರುವ ಹಾಗಾಯಿತು. ಸ್ಕ್ಯಾನು ಮಾಡಿದರು. ಗಂಟು ಅರ್ಧ ಕರಗಿತ್ತು. ಪಕ್ಕದ ಒಳ್ಳೆ ಶ್ವಾಸಕೋಶ ಅಂಗೈಯಗಲ ಬೆಂದಿತ್ತು. ಕೋಸಿನ ಹುಳಕ್ಕೆ ಹೊಡೆದ ಔಷಧಿ ಪಕ್ಕದವರ ಕ್ಯಾರೆಟ್ಟಿಗೆ ಬಿದ್ದ ಹಾಗೆ.

ರಂಗನಾಥನ್ ಡಾಕ್ಟರು ಅಂದೂ ಸಮಾಧಾನದಿಂದಲೇ ಮಾತಾಡಿದರು. ಮೊಬೈಲಿನ ಫೋಟೋ ತೋರಿಸಿದರು.

"ನೀವೇ ನೋಡಿ ಅಮ್ಮಾ. ಆರು ಚುಕ್ಕೆ. ನಾವು ಇಟ್ಟದ್ದು ಮೂರು. ನೀವು ಹೀಗೆ ಮಾಡಬಹುದಾ? ಪರವಾಗಿಲ್ಲ, ನಡೆದದ್ದು ನಡೀತು. ನಿಮ್ಮ ಕೈಯಾರ ಒಂದು ಲೆಟರ್ ಬರೆದು ಕೊಡಿ. ನಿಮಗೆ ಬರೆಯೋಕೆ ಬರುತ್ತಲ್ಲ!"

ಆ ಕೊನೆಯ ಮಾತು ಅವಳನ್ನು ಕೊಂದಿತು. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಅರವತ್ತೇಳನೇ ವಯಸ್ಸಿನಲ್ಲಿ ಎದೆಗೆ ಹಚ್ಚೆ ಚುಚ್ಚಿಸಿಕೊಂಡು ತನ್ನ ಶ್ವಾಸಕೋಶವನ್ನು ತಾನೇ ಸುಟ್ಟುಕೊಂಡವಳು! ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದಳು.

ಬರೆಯುವುದಾದರೆ ಚೆನ್ನಾಗಿ ಬರೆಯಬೇಕು. ದೊಡ್ಡ ಡಾಕ್ಟರು ಓದುವ ಕಾಗದ. ಮೊದಲನೆಯದು ವಾರೆಯಾಯಿತು, ಒಲೆಗೆ ಹಾಕಿದಳು. ಎರಡನೆಯದರ ಮೇಲೆ ಮಾದನ್ ಕಾಫಿ ಲೋಟ ಇಟ್ಟ. ಮೂರನೆಯದರಲ್ಲಿ 'ಮಹ' ಎಂದು ಬರೆದು 'ಮಹಾಶಯ'ನೋ 'ಮಹನೀಯ'ನೋ ತೋಚದೆ ಒಂದು ತಿಂಗಳು ಬಿಟ್ಟಳು.

"ಬರೆದು ಬಿಸಾಕು," ಎನ್ನುತ್ತಿದ್ದ ಮಾದನ್. "ಮಾತ್ರೆ ಬಂದರ ಸಾಕು. ಮರ್ಯಾದೆ ತಿಂದು ಉಸಿರಾಡೋಕ ಆಗ."

ಊಟಿಯಲ್ಲಿ ಕೊಟ್ಟ ಮಾತ್ರೆ ಅವಳನ್ನು ಅಂಗಳದವರೆಗೆ ಮಾತ್ರ ನಡೆಸುತ್ತಿತ್ತು. ಮಾದನ್ ಹೇಳುವುದೇ ಸರಿ ಎಂದು ಅವಳಿಗೂ ಅನಿಸುತ್ತಿತ್ತು.

ಆ ಮಂಗಳವಾರ ಆಲೂಗಡ್ಡೆ ಆರಿಸುವುದನ್ನು ನಿಲ್ಲಿಸಿ, ಕೈ ತೊಳೆದು, ಕಾಗದ ತೆಗೆದಳು. ಇಂದು ಮುಗಿಸಲೇಬೇಕು. 'ಕಿರಣ ಚಿಕಿತ್ಸೆ' ಎಂದು ಬರೆಯಬೇಕಿತ್ತು. ಆ ಪದಕ್ಕೆ ಎಲ್ಲಿ ಒತ್ತು, ಎಲ್ಲಿ ದೀರ್ಘ? ಗೊತ್ತಿಲ್ಲದ ಪದವನ್ನು ಊಹೆಯಿಂದ ಬರೆಯಬಾರದು, ಅಚ್ಚಾದದ್ದನ್ನು ನೋಡಿ ಬರೆಯಬೇಕು ಎಂದು ಸರಣ್ಯಾ ಟೀಚರು ಕಲಿಸಿದ್ದಳು. ಅಚ್ಚಾದದ್ದು ಎಲ್ಲಿದೆ? ಹೆತ್ತೆ ಅಮ್ಮನ ಪಟದ ಹಿಂದೆ.

ಕಾಗದ ಇಳಿಸಿದಳು. ಒಣಗಿದ ಹೂವು ಮಡಿಲಿಗೆ ಉದುರಿತು. ಪದ ಹುಡುಕಲು ಮೊದಲ ಪುಟದಿಂದ ಬೆರಳಿಟ್ಟು ಹೋದಳು. ಹುಡುಕುವುದಕ್ಕೆ ಓದದೆ ವಿಧಿಯಿರಲಿಲ್ಲ. ಓದಿದಳು. ಮಧ್ಯಾಹ್ನದ ಅನ್ನ ತಳ ಹಿಡಿಯಿತು. ಏಳನೇ ಪುಟಕ್ಕೆ ಬಂದಾಗ ಬೆರಳು ನಿಂತಿತು. ಒಂದು ಸಲ ಓದಿ ನಂಬಿಕೆ ಬರಲಿಲ್ಲ. ಜೋರಾಗಿ ಓದಿದಳು, ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಹಾಗೆ, ಪದಕ್ಕೊಂದು ಉಸಿರು.

"ಪ್ರತಿದಿನ... ಕಿರಣ ಕೊಡುವ ಮೊದಲು... ಯಂತ್ರವೇ... ಎದೆಯೊಳಗಿನ ಚಿತ್ರ ತೆಗೆಯುವುದು. ಚರ್ಮದ ಮೇಲಿನ ಗುರುತು... ಸುಮಾರಾಗಿ ಮಲಗಿಸಲು ಮಾತ್ರ. ಚಿತ್ರ ನೋಡಿ ಮೇಜನ್ನು ಸರಿಪಡಿಸದೆ... ಕಿರಣ ಕೊಡುವುದಿಲ್ಲ. ಇದೇ ಈ ಹೊಸ ವಿಧಾನದ ವಿಶೇಷ."

ಮಾದನ್ ಬಾಗಿಲಲ್ಲಿ ನಿಂತಿದ್ದ. "ಏನದು?"

"ಮೇಜು," ಎಂದಳು ತಂಗಮಣಿ. "ಎರಡೇ ದಿನ ಸರಿಯಿತು."

"ಯಾವ ಮೇಜು?"

ಅವಳು ಗೋಣಿಯ ಮೇಲೆ ಎಂಟು ಆಲೂಗಡ್ಡೆ ಸಾಲಾಗಿ ಇಟ್ಟಳು. ಮೊದಲ ದಿನ ಚಿತ್ರ ತೆಗೆಯುವ ತೋಳು ಬಂದು ಸುತ್ತಿತು, ಮೇಜು ಸರಿಯಿತು. ಮೊದಲ ಗೆಡ್ಡೆಯನ್ನು ಮುಂದೆ ಸರಿಸಿದಳು. ಆರನೇ ದಿನ ಹೊರಗಿನಿಂದ ಕೋಟು ಹಾಕಿದ ನಾಲ್ವರು ನೋಡಲು ಬಂದಿದ್ದರು. ಅಂದೂ ತೋಳು ಬಂತು, ಮೇಜು ಸರಿಯಿತು. ಆರನೆಯದನ್ನೂ ಮುಂದೆ ಸರಿಸಿದಳು. ಉಳಿದ ಆರು ದಿನ ತೋಳೂ ಇಲ್ಲ, ಮೇಜೂ ಅಲ್ಲಾಡಲಿಲ್ಲ. "ನಮ್ಮದು ಯಾವುದು ಪಾಟಿ?" ಎಂದು ಕೇಳಿದ್ದೊಂದೇ. ಚಿತ್ರ ತೆಗೆದಿದ್ದರೆ ಎದೆ ಮೇಲೆ ಆರಲ್ಲ, ಅರವತ್ತು ಚುಕ್ಕೆ ಇದ್ದರೂ ಕಿರಣ ದಾರಿ ತಪ್ಪುತ್ತಿರಲಿಲ್ಲ.

ಮಾದನ್ ಉಳಿದ ಆರು ಗೆಡ್ಡೆಗಳನ್ನು ಎಣಿಸಿದ. ವಿದ್ಯುತ್ ಮಂಡಳಿಯಲ್ಲಿ ಮೀಟರು ನೋಡದೆ ರೀಡಿಂಗು ಬರೆಯುವವರನ್ನು ಕಂಡವನು. "ನೋಡದೆ ಬರೆದಿದ್ದಾರೆ," ಎಂದಷ್ಟೇ ಹೇಳಿದ.

ಒಂಬತ್ತನೇ ಪುಟದಲ್ಲಿ, ಚಿಕಿತ್ಸೆಯಿಂದಲೇ ತೊಂದರೆಯಾದರೆ ಅದನ್ನು ವಾಸಿ ಮಾಡುವ ಹೊಣೆ ಆಸ್ಪತ್ರೆಯದು ಎಂದಿತ್ತು. ಮಾತ್ರೆಗೆ ತಪ್ಪೊಪ್ಪಿಗೆ ಕಾಗದ ಬೇಕು ಎಂದು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. ಕೊನೆಯ ಪುಟದಲ್ಲಿ, ದೂರು ಇದ್ದರೆ ನೀತಿ ಸಮಿತಿಗೆ ಬರೆಯಿರಿ ಎಂದು ವಿಳಾಸ ಕೊಟ್ಟಿದ್ದರು. ವರ್ಷವಿಡೀ ಅವಳು ಆ ವಿಳಾಸಕ್ಕೆ ಹೂವಿಟ್ಟಿದ್ದಳು.

ಮೊದಲು ಕೇತನಿಗೆ ಫೋನು ಮಾಡಿದಳು. ಕೇತ ಮಸಿನಗುಡಿ ಹತ್ತಿರದ ಬೊಕ್ಕಾಪುರದವನು, ಕಾಡಿನಲ್ಲಿ ಕಿಚ್ಚು ಹರಡದಂತೆ ಬೆಂಕಿ ರೇಖೆ ಕಡಿಯುವ ಕೂಲಿ. ಆಸ್ಪತ್ರೆಯ ತಂಗುಮನೆಯಲ್ಲಿ ಇಬ್ಬರೂ ಒಂದೇ ಗೋಡೆಗೆ ಒರಗಿ ಗಂಜಿ ಕುಡಿದಿದ್ದರು. ಅವನದೂ ಅದೇ ರೋಗ, ಅದೇ ಯಂತ್ರ.

"ಕೇತಾ, ನಿನಗೆ ಆ ತೋಳು ಎಷ್ಟು ದಿನ ಸುತ್ತಿತು?"

"ತೋಳಾ?" ಅವನು ಕೆಮ್ಮಿ ಸುಧಾರಿಸಿಕೊಂಡ. "ಮೊದಲ ದಿನ. ಆಮೇಲೆ ಕೋಟಿನವರು ಬಂದ ದಿನ. ಅದು ಸುತ್ತಿದ್ರೆ ಹೊತ್ತು ಹೋಗುತ್ತೆ, ಹೊರಗೆ ಜನ ಕಾಯ್ತಾರೆ ಅಂತ ಆ ಹುಡುಗ ಗೊಣಗ್ತಿದ್ದ. ಯಾಕಕ್ಕಾ?"

"ಈಗ ಉಸಿರು ಹೇಗಿದೆ?"

"ಆನೆ ಬಂದ್ರೂ ಓಡೋಕಾಗಲ್ಲ. ಆನೆಗೇ ಹೇಳಿಬಿಟ್ಟಿದ್ದೀನಿ, ನೀನೇ ಸ್ವಲ್ಪ ಸರಕೊಂಡು ಹೋಗು ಅಂತ."

"ನಿನ್ನ ಹತ್ತಿರವೂ ಕಾಗದ ಕೇಳಿದ್ರಾ?"

"ಬೆರಳು ಒತ್ತಿ ಕೊಟ್ಟೆನಲ್ಲ. ಉಸಿರು ತಪ್ಪಾಗಿ ಬಿಟ್ಟೆ ಅಂತ. ನಾನು ಮಾಡಿದ್ದು ತಪ್ಪೇ ಅಕ್ಕಾ. ಒಂದು ದಿನ ಒಳಗೆ ಕೆಮ್ಮು ಬಂದಿತ್ತು."

ಶ್ವಾಸಕೋಶದ ರೋಗದವನು ಕೆಮ್ಮಿದ್ದಕ್ಕೆ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರು.

"ಮಾತ್ರೆ ಕೊಟ್ರಾ?"

"ಫೈಲು ನಡೀತಾ ಇದೆಯಂತೆ."

ತಂಗುಮನೆಯಲ್ಲಿದ್ದ ಇನ್ನೊಬ್ಬಳು ಗೂಡಲೂರಿನ ಮಲರ್‌ಕೊಡಿ. ಅವಳಿಗೂ ಫೋನು ಮಾಡಿದಳು. ಅವಳದು, ಊಟ ಮಾಡಿ ಬಂದು ಮಲಗಿದ್ದರಿಂದ ಹೊಟ್ಟೆ ಉಬ್ಬಿ ಎದೆ ಸರಿದದ್ದು ತಪ್ಪು. ರುಜು ಹಾಕಿ ಕೊಟ್ಟಿದ್ದಳು. ತಂಗಮಣಿ ಫೋನು ಇಟ್ಟು ಗೋಡೆಗೆ ಒರಗಿದಳು. ಚುಕ್ಕೆ ಚುಚ್ಚಿಸಿಕೊಂಡವಳ ತಪ್ಪು. ಕೆಮ್ಮಿದವನ ತಪ್ಪು. ಉಂಡವಳ ತಪ್ಪು. ಹೊಸ ವಿಧಾನದಲ್ಲಿ ಮಾತ್ರ ತಪ್ಪೇ ಇಲ್ಲ. ರೋಗಿಗಳೇ ಇಲ್ಲದಿದ್ದರೆ ಅದು ಇನ್ನೂ ಚೆನ್ನಾಗಿ ನಡೆಯುತ್ತಿತ್ತು.

ನಾಲ್ಕನೇ ಕಾಗದವನ್ನು ಅವಳು ಎರಡು ದಿನದಲ್ಲಿ ಮುಗಿಸಿದಳು. ಅಕ್ಷರ ವಾರೆಯಾಯಿತು. ಆಗಲಿ ಎಂದು ಬಿಟ್ಟಳು.

'ನೀತಿ ಸಮಿತಿಯ ದೊಡ್ಡವರಿಗೆ,' ಎಂದು ಶುರು ಮಾಡಿದಳು. 'ನನ್ನ ಎದೆಯ ಮೇಲೆ ಆರು ಚುಕ್ಕೆ ಇರುವುದು ನಿಜ. ಮೂರು ಆಸ್ಪತ್ರೆಯದು, ಮೂರು ಚಿನ್ನಿಯದು. ಅದಕ್ಕೆ ನನ್ನನ್ನು ಬೈಯಿರಿ. ಆದರೆ ನಿಮ್ಮ ಏಳನೇ ಪುಟದಲ್ಲಿ ಎಂಟು ದಿನ ಚಿತ್ರ ತೆಗೆಯುತ್ತೇವೆ ಎಂದು ಬರೆದಿದೆ. ನನಗೆ ತೆಗೆದದ್ದು ಎರಡು ದಿನ. ಕೇತನಿಗೆ ಎರಡು ದಿನ. ಮೇಜು ಸರಿದದ್ದು ಬೆನ್ನಿಗೆ ಗೊತ್ತಿದೆ. ಯಂತ್ರದಲ್ಲಿ ಚಿತ್ರ ಉಳಿದಿರಬೇಕು, ತೆಗೆದು ಎಣಿಸಿ. ನಾನು ಮಾಡಿದ ದೊಡ್ಡ ತಪ್ಪು ಬೇರೆ ಇದೆ. ಓದಲು ಬಂದರೂ ನಿಮ್ಮ ಕಾಗದವನ್ನು ಓದದೆ ರುಜು ಹಾಕಿದೆ. ಬರೆದವರು ನೀವು. ನೀವೂ ಅದನ್ನು ಓದಿದ ಹಾಗೆ ಕಾಣುವುದಿಲ್ಲ. ಹೊಸ ವಿಧಾನ ಒಳ್ಳೆಯದೇ ಇರಬಹುದು. ಅದನ್ನು ನೀವು ಮಾಡಿ ನೋಡಲೇ ಇಲ್ಲ. ನಮಗೆ ಉಸಿರಿನ ಔಷಧಿ ಬೇಕು. ತಪ್ಪೊಪ್ಪಿಗೆ ಬರೆಸಿಕೊಂಡವರ ಕಾಗದಗಳು ವಾಪಸು ಬೇಕು.'

ಮುಂದಿನ ಮಂಗಳವಾರ ಊಟಿಗೆ ಹೊರಟಳು. ಚಿನ್ನಿ ಜೊತೆಗೆ ಬಂದಳು. "ಚುಚ್ಚಿದವಳು ನಾನು, ಸಾಕ್ಷಿ ಹೇಳೋಕ ಬೇರೆ ಯಾರು?" ಬಸ್ಸಿನಲ್ಲಿ ಹತ್ತು ಗಂಟೆಗೆ ಸರಿಯಾಗಿ ಮೊಬೈಲು ಕೂಗಿತು.

"ಪಾಟಿ, ಲೆಟರ್?"

"ಮುಗೀತು ತಂಬಿ. ಇವತ್ತು ಕಳಿಸ್ತೀನಿ."

"ಅಬ್ಬಾ! ನಾಲ್ಕು ಸಾಲು ತಾನೇ?"

"ಸ್ವಲ್ಪ ಬೆಳೀತು. ಏಳನೇ ಪುಟ ಓದಿದೆ."

ಬಸ್ಸು ಒಂದು ತಿರುವು ಸುತ್ತಿ ಮೇಲೆ ಬಂತು. ಸುಧಾಕರನ್ ದನಿ ತಗ್ಗಿಸಿದ. "ಆ ಹನ್ನೊಂದು ಪುಟ ತಮಿಳಿನಲ್ಲಿ ಟೈಪ್ ಮಾಡಿದ್ದು ನಾನೇ ಪಾಟಿ."

"ಹಾಗಾದ್ರೆ ನೀನಾದ್ರೂ ಓದಿರಬೇಕಲ್ಲ?"

"ಟೈಪ್ ಮಾಡುವಾಗ ಓದೋಕಾಗುತ್ತಾ? ... ಪಾಟಿ, ಯೋಚನೆ ಮಾಡಿ. ಇದು ಹೋದ್ರೆ ನಿಮ್ಮ ಫೈಲು ಪೂರ್ತಿ ನಿಂತುಹೋಗುತ್ತೆ. ಮಾತ್ರೆ ಬರೋದು ಯಾವಾಗಲೋ, ಬರದೇನೂ ಇರಬಹುದು. ನನ್ನ ಕೆಲಸವೂ ಕಾಂಟ್ರಾಕ್ಟ್."

"ನಿನ್ನ ಹೆಸರು ಬರೆದಿಲ್ಲ ತಂಬಿ. ನೀನು ಒಳ್ಳೆ ಹುಡುಗ. ಮಂಗಳವಾರ ತಪ್ಪಿಸದೆ ಫೋನ್ ಮಾಡ್ತೀಯ. ನನ್ನ ಸ್ವಂತ ಅಣ್ಣ ಮಾಡಲ್ಲ."

ಕೇತ ಮೂವತ್ತಾರು ತಿರುವು ಹತ್ತಿ ಮಸಿನಗುಡಿಯಿಂದ ಬಂದಿದ್ದ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ, ಮೊಣಕಾಲಿಗೆ ಕೈ ಊರಿ ಕೂತಿದ್ದ. ತಂಗಮಣಿ ಪಕ್ಕದಲ್ಲಿ ಕೂತಳು. ಇಬ್ಬರೂ ಮೊದಲು ಉಸಿರು ಹುಡುಕಿಕೊಂಡರು. ಆಮೇಲೆ ಅವಳು ಕಾಗದವನ್ನು ಪೂರ್ತಿ ಓದಿ ಹೇಳಿದಳು.

"ನಾನು ಮುಂಚೆ ಒತ್ತಿಕೊಟ್ಟಿದ್ದೀನಲ್ಲಕ್ಕಾ. ಈಗ ಬೇರೆ ಹೇಳಿದ್ರೆ ಸುಳ್ಳುಗಾರ ಅನ್ನಲ್ವಾ?"

"ಅನ್ನಲಿ. ಅದರಲ್ಲಿ ಏನು ಬರೆದಿದೆ ಅಂತ ನಿನಗೆ ಓದಿ ಹೇಳಿದ್ರಾ?"

"ಇಲ್ಲ."

"ನನಗೂ ಯಾರೂ ಹೇಳಲಿಲ್ಲ. ನಾನಂತೂ ಓದು ಬಲ್ಲ ದಡ್ಡಿ."

ಕೇತ ನಕ್ಕ. ನಕ್ಕು ಕೆಮ್ಮಿದ. ಕೆಮ್ಮು ಮುಗಿದ ಮೇಲೆ, "ಇದಕ್ಕೂ ಬರೆದು ಕೊಡಬೇಕಾ?" ಎಂದ.

ಒಳಗೆ ಕೌಂಟರಿನ ಮುಂದೆ ಹತ್ತು ಹನ್ನೆರಡು ಜನ ಸಾಲಾಗಿದ್ದರು. ಗುಮಾಸ್ತೆ ಲಕೋಟೆಯ ಎರಡು ಪಕ್ಕ ನೋಡಿದಳು. "ರಿಜಿಸ್ಟರ್ಡಾ? ಸ್ವೀಕೃತಿ ಚೀಟಿ ಬೇಕಾ? ಒಳಗಿನದ್ದಕ್ಕೆ ಸೈನ್ ಆಗಿದೆಯಾ?"

ಆಗಿರಲಿಲ್ಲ. ಮನೆಯಲ್ಲಿ ಎಲ್ಲ ಬರೆದು, ಹೆಸರನ್ನು ಮಾತ್ರ ಕೊನೆಗೆ ಉಳಿಸಿದ್ದಳು. ತಂಗಮಣಿ ಕಾಗದ ಹೊರಗೆ ತೆಗೆದು ಪೆನ್ನು ಬಿಚ್ಚಿದಳು. ಮೊದಲ ಅಕ್ಷರ. ಎರಡನೇ ಅಕ್ಷರ. ಕೈ ನಿಂತಿತು, ಉಸಿರು ಬರಲಿ ಎಂದು ಕಾದಳು.

"ಬೇಗ ಆಗಲಿ ಹೆತ್ತೆ," ಎಂದು ಸಾಲಿನ ಹಿಂದಿನಿಂದ ಯಾರೋ ಬಡಗದಲ್ಲಿ ಅಜ್ಜಿಯನ್ನು ಕರೆಯುವ ಹಾಗೆ ಕೂಗಿದರು.

ಚಿನ್ನಿ ತಿರುಗಿ ನಿಂತಳು. "ಆರು ತಿಂಗಳು ಕಾದ ಕಾಗದ ಇದು. ನಿನಗ ನಾಲ್ಕು ನಿಮಿಷ ಕಾಯೋಕ ಆಗದಾ? ಎದೆಲಿ ಉಸಿರಿದ್ದೋನು ನೀನು. ನಿಂತುಕೊ."

ಸಾಲು ನಿಂತಿತು. ರುಜು ಮುಗಿಯಿತು. ಈ ಸಲ ತಲೆ ಹಿಂದಕ್ಕೆ ಎಳೆದು ಅದನ್ನು ನೋಡಲಿಲ್ಲ. ಗುಮಾಸ್ತೆಯ ಮಸಿಯ ಡಬ್ಬಿ ಕೇಳಿ, ತಾನೇ ಕೇತನ ಮುಂದೆ ಹಿಡಿದಳು. ಕೇತ ಹೆಬ್ಬೆರಳನ್ನು ಅದ್ದಿ ಅವಳ ಹೆಸರಿನ ಪಕ್ಕದಲ್ಲಿ, ಒಂದು ಬೆರಳಿನಷ್ಟು ಆಚೆ, ಒತ್ತಿದ.

ಚಿನ್ನಿ ಬಗ್ಗಿ ನೋಡಿದಳು. "ಈಗ ಸರಿ. ಒಂಟಿ ಬಿಡಲಾಗ."

ಗುಮಾಸ್ತೆ ಲಕೋಟೆಗೆ ಅಂಟು ಹಚ್ಚಿ, ತೂಕಕ್ಕೆ ಇಟ್ಟು, ಮುದ್ರೆ ಎತ್ತಿ ಧಪ್ಪೆಂದು ಹೊಡೆದಳು. ಕಾಗದ ಅವಳ ಬೆನ್ನ ಹಿಂದಿನ ಚೀಲಕ್ಕೆ ಬಿತ್ತು.